ಬಿಸಿಯಾದರೆ ಸ್ಟಾರ್ಟ್ ಆಗದ ಹಳೇ ಬೈಕು: ಮ್ಯಾಗ್ನೆಟ್ ಬಿಚ್ಚುವ ಮೊದಲು ಇಷ್ಟು ಮಾಡಿ

ನಮ್ಮ ಮನೆಯ ಹಳೇ ಇಂಗ್ಲಿಷ್ ಬೈಕು ಬಿಎಸ್‌ಎ ಎಂ20 ಬೆಳಿಗ್ಗೆ ಎರಡೇ ಕಿಕ್‌ಗೆ ಸ್ಟಾರ್ಟ್ ಆಗುತ್ತಿತ್ತು. ಇಪ್ಪತ್ತು ಕಿಲೋಮೀಟರ್ ಓಡಿಸಿ ಟೀ ಕುಡಿಯಲು ನಿಲ್ಲಿಸಿದರೆ ಮುಗೀತು, ಆಮೇಲೆ ಎಷ್ಟು ತುಳಿದರೂ ಉಸಿರಿಲ್ಲ. ಅರ್ಧ ಗಂಟೆ ನೆರಳಲ್ಲಿ ಬಿಟ್ಟರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಸ್ಟಾರ್ಟ್. ಯಾರಿಗೆ ತೋರಿಸಿದರೂ ಒಂದೇ ಮಾತು: 'ಬಿಸಿಗೆ ಮ್ಯಾಗ್ನೆಟ್ ವೀಕಾಗಿದೆ ಸಾರ್, ಚಾರ್ಜ್ ಮಾಡಿಸಿ.' ಎರಡು ಸಲ ಮಾಡಿಸಿದೆ. ದುಡ್ಡು ಹೋಯ್ತು, ಕಾಯಿಲೆ ಹೋಗಲಿಲ್ಲ.

ಇಂಥ ಬೈಕಲ್ಲಿ ಪ್ಲಗ್‌ಗೆ ಕಿಡಿ ಕೊಡುವುದು ಮ್ಯಾಗ್ನೆಟೋ, ಅಂದರೆ ಬ್ಯಾಟರಿ ಇಲ್ಲದೆ ಮ್ಯಾಗ್ನೆಟ್ ಬಲದಿಂದಲೇ ಕಿಡಿ ಹುಟ್ಟಿಸುವ ಯಂತ್ರ. ಹಾಗಾಗಿ ಮೊದಲ ಕೆಲಸ, ನಿಮ್ಮ ಬೈಕಲ್ಲಿ ಯಾವ ಮ್ಯಾಗ್ನೆಟ್ ಇದೆ ಅಂತ ತಿಳಿದುಕೊಳ್ಳುವುದು. ಮೈಸೂರಿನ ಹಳೇ ಜಾವಾ, ಯೆಜ್ಡಿ ಇದ್ದವರು ಈ ಲೇಖನ ಬಿಟ್ಟು ಬ್ಯಾಟರಿ ನೋಡಿಕೊಳ್ಳಿ, ಅವುಗಳ ಡೈನಮೋದಲ್ಲಿ ಕಾಯಂ ಮ್ಯಾಗ್ನೆಟ್ಟೇ ಇಲ್ಲ, ಕರೆಂಟ್ ಹರಿದಾಗ ಮ್ಯಾಗ್ನೆಟ್ ಆಗುವ ಫೀಲ್ಡ್ ಕಾಯಿಲ್ ಇದೆ. ಮೇಲೆ ಕುದುರೆ ಲಾಳದ ಆಕಾರದ ಮ್ಯಾಗ್ನೆಟ್ ಕಾಣುತ್ತಿದ್ದರೆ ಅದು ತೀರಾ ಹಳೇ ಸ್ಟೀಲ್. ಏಟು, ಬಿಸಿ, ವಯಸ್ಸು ಎಲ್ಲಕ್ಕೂ ಸೊರಗುತ್ತದೆ. ಎಂ20ಯ ಲೂಕಾಸ್ ಮ್ಯಾಗ್‌ಡೈನೋದಂಥದ್ದರಲ್ಲಿ (ಮ್ಯಾಗ್ನೆಟೋ, ಡೈನಮೋ ಎರಡೂ ಒಂದರಲ್ಲೇ) ಅಲ್ಯೂಮಿನಿಯಂ ಬಾಡಿಯೊಳಗೇ ಆಲ್ನಿಕೋ ಎಂಬ ಮಿಶ್ರಲೋಹದ ಮ್ಯಾಗ್ನೆಟ್ ಸೇರಿಸಿ ಎರಕ ಹೊಯ್ದಿರುತ್ತಾರೆ. ಆರ್‌ಎಕ್ಸ್ 100 ತರಹದ ಬೈಕುಗಳ ಫ್ಲೈವೀಲ್‌ನಲ್ಲಿ ಇರುವುದು ಸಾಮಾನ್ಯವಾಗಿ ಫೆರೈಟ್, ಅಂದರೆ ಪಿಂಗಾಣಿಯಂಥ ಕಪ್ಪು ಮ್ಯಾಗ್ನೆಟ್.

ಈಗ ಸ್ವಲ್ಪ ಲೆಕ್ಕ. ಆಲ್ನಿಕೋ ಒಂದು ಡಿಗ್ರಿ ಬಿಸಿಗೆ ಕಳೆದುಕೊಳ್ಳುವುದು ಸುಮಾರು ಶೇ 0.02 ಬಲ. ಮ್ಯಾಗ್ನೆಟೋ 30ರಿಂದ 100 ಡಿಗ್ರಿಗೆ ಏರಿತು ಅಂತಲೇ ಇಟ್ಟುಕೊಳ್ಳಿ, ಶೇ 1.4 ಆಯಿತು, ಅಷ್ಟೇ. ಫೆರೈಟ್ ಇದರ ಹತ್ತರಷ್ಟು, ಅಂದರೆ ಶೇ 14ರಷ್ಟು ಕಳೆದುಕೊಳ್ಳುತ್ತದೆ, ಆದರೆ ತಣ್ಣಗಾದಾಗ ಅದೂ ವಾಪಸ್ ಬರುತ್ತದೆ. ಬಲ ಪೂರ್ತಿ ಹೋಗಬೇಕಾದರೆ ಫೆರೈಟ್‌ಗೆ ಸುಮಾರು 450 ಡಿಗ್ರಿ, ಆಲ್ನಿಕೋಗೆ 800 ದಾಟಬೇಕು. ಅಷ್ಟು ಹೊತ್ತಿಗೆ ಅಲ್ಯೂಮಿನಿಯಂ ಬಾಡಿಯೇ ಕರಗಿ ನೀರಾಗಿರುತ್ತೆ!

ಹಾಗಾದರೆ ಬಿಸಿಗೆ ಸೋಲುವುದು ಯಾವುದು? ಹಳೇ ಮ್ಯಾಗ್ನೆಟೋದಲ್ಲಿ ಹೆಚ್ಚಾಗಿ ಆರ್ಮೇಚರ್ (ತಂತಿ ಸುತ್ತಿದ, ತಿರುಗುವ ಭಾಗ) ಒಳಗೇ ಕೂತಿರುವ ಕಂಡೆನ್ಸರ್, ಇಲ್ಲಾ ಸುತ್ತಿದ ತಂತಿಯ ಇನ್ಸುಲೇಷನ್. ಕಂಡೆನ್ಸರ್ ಕೆಲಸ, ಪಾಯಿಂಟ್ ತೆರೆಯುವಾಗ ಅಲ್ಲಿ ಕಿಡಿ ಹಾರದಂತೆ ತಡೆಯುವುದು. ಪತ್ತೆ ಮಾಡಲು ಮ್ಯಾಗ್ನೆಟೋವನ್ನು ಬೈಕಿನಿಂದ ಇಳಿಸಿ (ಟೈಮಿಂಗ್ ಗುರುತು ಹಾಕದೆ ಇಳಿಸಬೇಡಿ, ಆಮೇಲೆ ತಲೆ ಚಚ್ಚಿಕೊಳ್ಳಬೇಕಾಗುತ್ತೆ). ಪ್ಲಗ್ ವೈರಿನ ತುದಿಯನ್ನು ಬಾಡಿಯಿಂದ 5 ಮಿ.ಮೀ. ದೂರದಲ್ಲಿ ಕಟ್ಟಿ. ವೈರನ್ನು ಸುಮ್ನೆ ಗಾಳಿಯಲ್ಲಿ ಬಿಟ್ಟು ತಿರುಗಿಸಬೇಡಿ, ಕಿಡಿಗೆ ದಾರಿ ಸಿಗದಿದ್ದರೆ ವೈಂಡಿಂಗೇ ಹೋಗಬಹುದು. ಶಾಫ್ಟನ್ನು ಕೈಯಲ್ಲಿ ತಿರುಗಿಸಿದರೆ ಒಂದು ಸುತ್ತಿಗೆ ಎರಡು ಕಡೆ ಗಟ್ಟಿಯಾಗಿ ಹಿಡಿದು, ಆಮೇಲೆ ಪಟ್ಟನೆ ಬಿಟ್ಟ ಹಾಗಾಗುತ್ತದೆ. ಆ ಹಿಡಿತ ಮ್ಯಾಗ್ನೆಟ್ಟಿನದು. ಅದನ್ನು ಬೆರಳಿಗೆ ನೆನಪಿಟ್ಟುಕೊಳ್ಳಿ, ಕಿಡಿಯ ಬಣ್ಣವನ್ನೂ ನೋಡಿಟ್ಟುಕೊಳ್ಳಿ.

ಆಮೇಲೆ ಮನೆಯವರ ಹೇರ್ ಡ್ರೈಯರ್ ತನ್ನಿ. ಹತ್ತು ಹದಿನೈದು ನಿಮಿಷ ಬಾಡಿಗೆ ಬಿಸಿಗಾಳಿ ಹಿಡಿದು, ಕೈ ಇಡಲು ಆಗದಷ್ಟು ಕಾದ ಮೇಲೆ ಬಟ್ಟೆ ಹಿಡಿದು ಮತ್ತೆ ತಿರುಗಿಸಿ. ಹಿಡಿತ ಮೊದಲಿನಷ್ಟೇ ಇದ್ದು ಕಿಡಿ ಮಾತ್ರ ಮಾಯವಾದರೆ ಮ್ಯಾಗ್ನೆಟ್ ನಿರಪರಾಧಿ. ಜೊತೆಗೆ ಪಾಯಿಂಟ್ (ತೆರೆದು ಮುಚ್ಚುವ ಪುಟ್ಟ ಸ್ವಿಚ್) ಹತ್ತಿರ ಚಟಚಟ ಅಂತ ದಪ್ಪ ಕಿಡಿ ಹಾರುತ್ತಿದ್ದರೆ ಕಂಡೆನ್ಸರ್ ಅನ್ನಬಹುದು. ಶಾಫ್ಟೇ ಜಿಗುಟು ಜಿಗುಟಾಗಿ ತಿರುಗಿದರೆ ವೈಂಡಿಂಗ್ ಮೇಲಿನ ಅರಗು ಕರಗಿ ಅಂಟುತ್ತಿದೆ. ನನ್ನದರಲ್ಲಿ ಎರಡೂ ಇತ್ತು. ಕೊನೆಗೆ ಹೊಸ ಕಂಡೆನ್ಸರ್ ಹಾಕಿಸಿ ಆರ್ಮೇಚರ್ ರೀವೈಂಡ್ ಮಾಡಿಸಿದೆ.

ಮ್ಯಾಗ್ನೆಟ್ ನಿಜವಾಗಿ ಹಾಳಾಗುವುದು ನಮ್ಮ ಕೈಯಲ್ಲೇ. ಆಲ್ನಿಕೋ ಬಿಸಿ ತಡೆಯುತ್ತೆ, ಒಂಟಿತನ ತಡೆಯಲ್ಲ. ಆರ್ಮೇಚರ್ ಎಳೆದುಕೊಂಡು ಬಾಡಿಯನ್ನು ಖಾಲಿ ಬಿಟ್ಟರೆ ಬಲ ಇಳಿಯುತ್ತದೆ, ಅದಕ್ಕೇ ಆರ್ಮೇಚರ್ ಹೊರಬರುವಾಗಲೇ ಎರಡು ಧ್ರುವಗಳಿಗೆ ಸೇರುವಂತೆ ಮೆದು ಕಬ್ಬಿಣದ ತುಂಡೊಂದನ್ನು ಇಡಿ. ಫ್ಲೈವೀಲ್ ಬಿಚ್ಚಲು ಪುಲ್ಲರ್ ಬಳಸಿ, ಸುತ್ತಿಗೆ ಬೇಡ, ಫೆರೈಟ್ ಪಿಂಗಾಣಿಯ ಹಾಗೆ ಬಿರುಕು ಬಿಡುತ್ತದೆ. ಹೊಳೆಯಲಿ ಅಂತ ಫ್ಲೈವೀಲನ್ನು ಪೌಡರ್ ಕೋಟಿಂಗ್‌ಗೆ ಕೊಡುವವರೂ ಇದ್ದಾರೆ. ಆ ಒವನ್ನಿನ 180-200 ಡಿಗ್ರಿಗೆ ಮ್ಯಾಗ್ನೆಟ್ ಅಂಟಿಸಿದ ಗೋಂದು ಸಡಿಲವಾದರೆ, ಓಡುವಾಗ ಕಿತ್ತು ಬಂದು ಕಾಯಿಲನ್ನೆಲ್ಲ ತಿಂದುಹಾಕುತ್ತೆ. ಹಳೆಯದರ ಬದಲು ನಿಯೋಡಿಮಿಯಂ ಹಾಕಿಸುವ ಆಸೆಯಿದ್ದರೆ ಗ್ರೇಡ್ ಕೇಳಿ, ಸಾಮಾನ್ಯ ಗ್ರೇಡಿನದು 80 ಡಿಗ್ರಿ ದಾಟಿದರೆ ಬಲವನ್ನು ಶಾಶ್ವತವಾಗಿ ಕಳೆದುಕೊಳ್ಳತೊಡಗುತ್ತದೆ.

ತಣ್ಣಗಿದ್ದಾಗಲೂ ಹಿಡಿತ ಮೆತ್ತಗಿದ್ದರೆ ಮಾತ್ರ ಚಾರ್ಜ್ ಮಾಡಿಸಿ. ಅದೂ ರೀವೈಂಡ್, ಬೇರಿಂಗ್ ಎಲ್ಲ ಮುಗಿದು, ಆರ್ಮೇಚರ್ ಒಳಗೆ ಕೂತ ಮೇಲೆ. ಮೊದಲೇ ಚಾರ್ಜ್ ಮಾಡಿಸಿ ಆಮೇಲೆ ಬಿಚ್ಚಿದರೆ ಮತ್ತೆ ಅದೇ ಕಥೆ. ಜೋಡಿಸುವಾಗ ಲೂಕಾಸ್‌ನ ಪಾಯಿಂಟ್ ಗ್ಯಾಪ್ ಫೀಲರ್ ಗೇಜ್‌ನಲ್ಲಿ 12 ಥೌ (ಇಂಚಿನ ಸಾವಿರದ 12 ಭಾಗ), ಅಂದರೆ 0.30 ಮಿ.ಮೀ. ಇಡಿ. ಟೀ ಅಂಗಡಿ ಮುಂದೆ ಬಿಸಿ ಬೈಕು ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಕಿಕ್ ಹೊಡೆದು ನೋಡಿ.