ಮಾಳಿಗೆ ಮೇಲೆ ಎಳ್ಳಮಾಸಿ, ಡಬ್ಬಿಯಲ್ಲಿ ಸೀತನಿ

ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ ದಿನ ಕಲಬುರಗಿಯಲ್ಲಿ ಹೊಲ ಇದ್ದವರು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ, ಹೊಲ ಇಲ್ಲದವರು ಹೊಲ ಇದ್ದವರ ಹಿಂದೆ ಹೋಗುತ್ತಾರೆ. ನಾವು ಎರಡನೇ ಗುಂಪಿನವರು. ಯಾರಾದರೂ ಕರೆದರೆ ಹಬ್ಬ, ಇಲ್ಲದಿದ್ದರೆ ಮನೆಯಲ್ಲಿ ಟಿವಿ. ಇದು ಸಾಕಾಗಿ ನಮ್ಮ ಮಾಳಿಗೆ ಮೇಲೇ ಪೇಂಟ್ ಡಬ್ಬಿಗಳಲ್ಲಿ ಜೋಳ ಬೆಳೆದು ಹಬ್ಬ ಶುರು ಮಾಡಿದೆ. ಈಗ ನಮ್ಮ ಓಣಿಯ ನಾಲ್ಕೈದು ಮನೆಯವರು ನಮ್ಮಲ್ಲಿಗೇ ಬರುತ್ತಾರೆ.

ಭಜ್ಜಿ (ಹಲವು ಕಾಯಿಪಲ್ಲೆ, ಕಾಳು ಕೂಡಿಸಿ ಬೇಯಿಸಿದ ಪಲ್ಯ), ಸಜ್ಜಿ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ ನಿಮಗೆಲ್ಲ ಗೊತ್ತೇ ಇದೆ. ಡಬ್ಬಿಗೆ ತೂತು ಹಾಕುವುದೂ ಗೊತ್ತು. ಕಷ್ಟ ಇರುವುದು ಒಂದೇ ಕಡೆ: ಅಮಾವಾಸ್ಯೆ ದಿನಕ್ಕೇ ಸರಿಯಾಗಿ ಸೀತನಿ ತೆನೆ, ಅಂದರೆ ಸುಟ್ಟು ತಿನ್ನುವ ಎಳೆ ಜೋಳದ ತೆನೆ, ಕೈಗೆ ಸಿಗಬೇಕು. ಜೇವರ್ಗಿ ಕಡೆ ಹೊಲ ಇರುವ ನಮ್ಮ ಸೋದರಮಾವ ಕೇಳಿ ನಕ್ಕುಬಿಟ್ಟರು. "ಏನಳಿಯಾ, ಡಬ್ಬ್ಯಾಗ ಜ್ವಾಳ ಬೆಳಿತಿ ಏನ? ಹಂಗಾದ್ರ ನಾ ಹೊಲ ಮಾರ್ತೀನಿ ತಗೋ."

ಮೊದಲ ಸಲ ಅವರ ಮಾತು ಕೇಳಿ ಉತ್ತರಿ ಮಳೆಗೇ, ಸೆಪ್ಟೆಂಬರ್ ನಡುವೆ ಮಾಲ್ದಂಡಿ ಜೋಳ ಬಿತ್ತಿದೆ. ಆ ಸಲ ಅಮಾವಾಸ್ಯೆ ಬಂದದ್ದು 2024ರ ಜನವರಿ 11ಕ್ಕೆ. ಅಷ್ಟೊತ್ತಿಗೆ ಕಾಳು ಬಲಿತು ಗಟ್ಟಿಯಾಗಿತ್ತು. ಹಲ್ಲಿಗೆ ಕೆಲಸ ಕೊಡುವ ಸೀತನಿ ಯಾರಿಗೆ ಬೇಕು? ಉಳಿದ ಕಾಳೂ ಗಿಣಿಗಳ ಪಾಲಾಯಿತು. ಮರುವರ್ಷ ತಡ ಮಾಡಿ, ಅಕ್ಟೋಬರ್ ನಡುವೆ ಬಿತ್ತಿದೆ. ಹಬ್ಬ ನೋಡಿದರೆ ಡಿಸೆಂಬರ್ 30ಕ್ಕೇ ಬಂತು. ತೆನೆ ಇನ್ನೂ ಹೂವಿನಲ್ಲೇ ಇತ್ತು. ಬಜಾರಿನಿಂದ ಸೀತನಿ ತಂದು ಮಾನ ಉಳಿಸಿಕೊಂಡೆವು, ಮಾವನಿಗೆ ಮಾತ್ರ ಹೇಳಲಿಲ್ಲ.

ಕ್ಯಾಲೆಂಡರ್ ಮುಂದಿಟ್ಟುಕೊಂಡು ಕೂತಾಗ ಗುಟ್ಟು ಸಿಕ್ಕಿತು. ಅಮಾವಾಸ್ಯೆ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ, ಅಧಿಕ ಮಾಸ ಬಂದಾಗ ಮತ್ತೆ ಮುಂದಕ್ಕೆ ಜಿಗಿಯುತ್ತದೆ. ಹೊಲದವರು ಮಳೆ ನೋಡಿ ಬಿತ್ತುತ್ತಾರೆ. ನಾವು ಹಬ್ಬ ನೋಡಿ ಬಿತ್ತಬೇಕು. ನಮ್ಮ ಮಾಳಿಗೆಯಲ್ಲಿ ಕಾಳು ಸೀತನಿಗೆ ಬರಲು ತೊಂಬತ್ತು ದಿನದ ಆಸುಪಾಸು ಬೇಕು. 2025ರಲ್ಲಿ ಅಮಾವಾಸ್ಯೆ ಡಿಸೆಂಬರ್ 19ಕ್ಕಿತ್ತು. ಹಿಂದಕ್ಕೆ ಎಣಿಸಿ, ವಾರದ ಅಂತರದಲ್ಲಿ ಮೂರು ಕಂತು ಬಿತ್ತಿದೆ. ನಡುವಿನ ಕಂತು ಕರೆಕ್ಟಾಗಿ ಕೂತಿತು. ಮೊದಲಿನದು ಸ್ವಲ್ಪ ಬಲಿತಿತ್ತು, ಕೊನೆಯದು ಬರೀ ಹಾಲು.

ನೋಡುವ ಬಗೆ ಇಷ್ಟೇ. ಕಾಳಿಗೆ ಉಗುರು ಒತ್ತಿ. ಹಾಲು ಚಿಮ್ಮಿದರೆ ಇನ್ನೂ ಬೇಕು. ಹಿಟ್ಟಿನ ಹಾಗೆ ಉಗುರಿಗೆ ಅಂಟಿದರೆ ಅವತ್ತೇ ಕೊಯ್ಯಿರಿ. ಉಗುರು ಇಳಿಯಲೇ ಇಲ್ಲವೆಂದರೆ ರೊಟ್ಟಿಗೆ ಇಡಿ.

ಮಣ್ಣಿನದು ಬೇರೆ ಕತೆ. ಬರೀ ಎರೆಮಣ್ಣು ತುಂಬಿದ್ದಾಗ ಒಣಗಿ ಡಬ್ಬಿಯ ಅಂಚು ಬಿಟ್ಟಿತು. ಹಾಕಿದ ನೀರೆಲ್ಲ ಸಂದಿಯಲ್ಲಿ ಇಳಿದು ಪಕ್ಕದ ಮನೆ ಗೋಡೆಗೆ ಹೋಯಿತು, ಅದಕ್ಕೊಂದು ಜಗಳ. ಈಗ ಮೂರರಲ್ಲಿ ಒಂದು ಪಾಲು ಮರಳು, ಮೇಲೆ ತಿಪ್ಪೆಗೊಬ್ಬರ. ಬೀಜ ನೆನೆಸುವ ನೀರಿಗೆ ಅವ್ವ ಹೇಳಿಕೊಟ್ಟ ಒಂದು ಸಾಮಾನು ಹಾಕುತ್ತೇನೆ. ಅದನ್ನು ಇಲ್ಲಿ ಹೇಳುವುದಿಲ್ಲ. ಇಪ್ಪತ್ತು ಲೀಟರಿನ ಪೇಂಟ್ ಡಬ್ಬಿ ಒದ್ದೆಯಾದರೆ ಇಪ್ಪತ್ತೈದು ಕೆಜಿ ಮೇಲಾಗುತ್ತದೆ. ಮಾಳಿಗೆ ನಡುವೆ ಗುಂಪಾಗಿ ಇಡಬೇಡಿ, ಗೋಡೆಯ ಸಾಲಿಗೆ ಇಡಿ.

ಬೇಗ ಬಿತ್ತಿದರೆ ಸುಳಿ ನೊಣ ಬಿಡುವುದಿಲ್ಲ, ಕೆಲವು ಗಿಡದ ಸುಳಿ ಒಣಗಿಯೇ ಹೋಗುತ್ತದೆ. ಅದಕ್ಕೇ ಒಂದು ಡಬ್ಬಿಗೆ ಐದಾರು ಬೀಜ ಹಾಕಿ, ಮೂರು ಗಿಡ ಉಳಿಸಿಕೊಳ್ಳುತ್ತೇನೆ. ಗಿಣಿಗೆ ಉಳ್ಳಾಗಡ್ಡಿಯ ಜಾಳಿಗೆ ಚೀಲ ಕತ್ತರಿಸಿ ತೆನೆಗೆ ಕಟ್ಟಿದೆ. ಜೋಳ ಹೆಚ್ಚಾಗಿ ತನ್ನ ಪರಾಗದಲ್ಲೇ ಕಾಳು ಕಟ್ಟುವ ಬೆಳೆ, ಮುಚ್ಚಿದರೂ ತೊಂದರೆ ಇಲ್ಲ. ಹಳೆ ನೈಲಾನ್ ಸೀರೆ ಕಟ್ಟಿದ ತೆನೆಗಳಿಗೆ ಮಾತ್ರ ಬೂಸ್ಟು ಬಂತು.

ನಡುವೆ ಕಡ್ಲಿ ಗಿಡದ ಎಲೆಯ ಹುಳಿ ನೀರು ತೆಗೆಯುವ ಹುಚ್ಚೂ ಹಿಡಿದಿತ್ತು. ರಾತ್ರಿ ಗಿಡದ ಮೇಲೆ ಬಿಳಿ ಬಟ್ಟೆ ಹಾಸಿ ಬೆಳಗ್ಗೆ ಹಿಂಡುವುದು, ಹಳ್ಳಿಯಲ್ಲಿ ಮಾಡುತ್ತಾರಲ್ವಾ, ಹಾಗೆ. ಮಾಳಿಗೆ ಮೇಲೆ ಇಬ್ಬನಿಯೇ ಸರಿಯಾಗಿ ಬೀಳಲಿಲ್ಲ, ಒಂದು ಚಮಚ ಸಿಕ್ಕಿತೋ ಇಲ್ಲವೋ. ಒಂದು ಡಬ್ಬಿ ತೊಗರಿಯೂ ಹಾಕಿದ್ದೆ. 2019ರಲ್ಲಿ ಜಿಐ ಟ್ಯಾಗ್ (ಊರಿನ ಹೆಸರಿನ ಸರ್ಕಾರಿ ಗುರುತು) ಬಂದ ತೊಗರಿಬೇಳೆ ನಮ್ಮದು, ಬಿಡುವುದು ಹೇಗೆ? ಎದೆಯುದ್ದ ಬೆಳೆದು ಭಜ್ಜಿಗೆ ಒಂದು ಹಿಡಿ ಹಸಿ ಕಾಳು ಕೊಟ್ಟಿತು. ಪುಂಡಿ ಮತ್ತು ಮೆಂತ್ಯ ಮಾತ್ರ ಸುಮ್ನೆ ಬೆಳೆದವು.

ಹಬ್ಬದ ದಿನದ ಕಟ್ಟಳೆಗಳು ನಮ್ಮವೇ. ಓಣಿಯ ಮಕ್ಕಳಿಗೆ ತಲಾ ಒಂದು ಡಬ್ಬಿ, ಮೇಲೆ ಅವರ ಹೆಸರು. ಯಾರ ತೆನೆ ಉದ್ದವೋ ಅವರು ಮೊದಲು ಚರಗ (ಭೂತಾಯಿಗೆ ಅರ್ಪಿಸುವ ಹಬ್ಬದ ಅಡಿಗೆ) ಚೆಲ್ಲಬೇಕು. ಬರುವವರು ಒಂದೊಂದು ಕಾಯಿಪಲ್ಲೆ ತರಬೇಕು, ಬಂದದ್ದೆಲ್ಲ ಒಂದೇ ಬೋಗುಣಿಯ ಭಜ್ಜಿಗೆ. ಹಳೆ ಕಂತಿನ ದಂಟಿನಿಂದ ಮೊಳದುದ್ದದ ಕೊಂಪಿ (ಗುಡಿಸಲು) ಕಟ್ಟಿ, ಒಳಗೆ ಸುಣ್ಣ ಹಚ್ಚಿದ ಐದು ಕಲ್ಲು, ಪಾಂಡವರು. ಒಮ್ಮೆ ಚರಗ ಪೂರ್ತಿ ಡಬ್ಬಿಗಳಿಗೇ ಚೆಲ್ಲಿ ಇರುವೆ, ಇಲಿ ಎರಡೂ ಬಂದವು. ಈಗ ಡಬ್ಬಿಗೆ ಚಿಟಿಕೆ, ಉಳಿದದ್ದು ಹಕ್ಕಿಗಳಿಗೆ ಪ್ಯಾರಾಪೆಟ್ ಮೇಲೆ.

ಸೀತನಿ ಸುಡಲು ಕಬ್ಬಿಣದ ಬುಟ್ಟಿಯಲ್ಲಿ ಮರಳು ಹರಡಿ ಕುಳ್ಳು ಹೊತ್ತಿಸುತ್ತೇನೆ. ಇಲ್ಲದಿದ್ದರೆ ಸ್ಲ್ಯಾಬ್ ಹಾಳಾಗುತ್ತದೆ. ಕೆಂಡದ ಬೂದಿಯಲ್ಲಿ ತೆನೆ ಹೊರಳಿಸಿ, ಹೊಟ್ಟು ಕಪ್ಪಾದ ಕೂಡಲೇ ಗೋಣಿತಟ್ಟಿನಲ್ಲಿ ಸುತ್ತಿ ಬಿಸಿ ಇರುವಾಗಲೇ ತಿಕ್ಕಬೇಕು. ಆರಿದರೆ ಕಾಳು ಬಿಡುವುದಿಲ್ಲ. ಈ ಸಲ ಒಂದೂವರೆ ಕೆಜಿ ಇದ್ದಿರಬಹುದು. ಶೇಂಗಾ ಹಿಂಡಿ, ಬೆಲ್ಲದ ಜೊತೆ ಹತ್ತು ನಿಮಿಷಕ್ಕೆ ಖಾಲಿ. ಮಾವ ಎರಡು ಮುಷ್ಟಿ ತಿಂದು, "ಬೀಜ ನಂದೇ ಅಲ್ಲೇನ" ಅಂದರು.

ದುಡ್ಡು ಕೇಳುವವರಿಗೆ: ಡಬ್ಬಿ, ಆಟೋದಲ್ಲಿ ಮಣ್ಣು, ಗೊಬ್ಬರ ಸೇರಿ ಮೊದಲ ವರ್ಷ ಮೂರೂವರೆ ಸಾವಿರ ಹೋಗಿರಬೇಕು. ಈಗ ವರ್ಷಕ್ಕೆ ನಾನೂರು ಐನೂರು ರೂಪಾಯಿ. 2026ರಲ್ಲಿ ಅಧಿಕ ಜ್ಯೇಷ್ಠ ಇರುವುದರಿಂದ ಮುಂದಿನ ಎಳ್ಳಮಾಸಿ 2027ರ ಜನವರಿ ಮೊದಲ ವಾರಕ್ಕೆ ಹೋಗುತ್ತದೆ. ಸೆಪ್ಟೆಂಬರಿನಲ್ಲಿ ಅವಸರ ಮಾಡಬೇಡಿ. ನಡುವಿನ ಕಂತು ಅಕ್ಟೋಬರ್ ಮೊದಲ ವಾರಕ್ಕೆ ಬರುವ ಹಾಗೆ ನೋಡಿಕೊಳ್ಳಿ.