ಮೊದಲು ಉಸಿರು ನೋಡುತ್ತೇನೆ, ಇನ್ಹೇಲರ್ ಆಮೇಲೆ

ವೈದ್ಯನಾದ ಹೊಸತರಲ್ಲಿ ಇನ್ಹೇಲರನ್ನೂ ಮಾತ್ರೆಯ ಹಾಗೇ ಬರೆಯುತ್ತಿದ್ದೆ. ಔಷಧದ ಹೆಸರು, ದಿನಕ್ಕೆ ಎಷ್ಟು ಸಲ, ಮುಗಿಯಿತು. ಆ ಚಾಳಿ ಬಿಡಿಸಿದ್ದು ಒಬ್ಬ ಅಜ್ಜಿ. ತಿಂಗಳಾದರೂ ಅವರ ಉಬ್ಬಸ ಇಳಿದಿರಲಿಲ್ಲ. ಡೋಸ್ ಏರಿಸಲು ಪೆನ್ನು ತೆಗೆದವನು, ಯಾಕೋ "ಅಮ್ಮಾ, ಹೇಗೆ ತಗೋತೀರಿ, ಒಂದ್ಸಲ ತೋರಿಸಿ" ಅಂದೆ. ಇನ್ಹೇಲರಿಗೆ ಹಾಕಿ ಎಳೆಯಬೇಕಾದ ಪುಡಿಯ ಕ್ಯಾಪ್ಸೂಲನ್ನು ನಾಲಿಗೆ ಮೇಲಿಟ್ಟುಕೊಂಡು ನೀರು ಕೇಳಿದರು! ಇನ್ಹೇಲರ್ ಚೀಲದಲ್ಲಿತ್ತು, ಡಬ್ಬಿ ಕೂಡ ಒಡೆದಿರಲಿಲ್ಲ. ನಾನು ಡೋಸ್ ಏರಿಸಿದ್ದರೆ ಹೆಚ್ಚು ಔಷಧ ನುಂಗುತ್ತಿದ್ದರು, ಅಷ್ಟೇ.

ಅಂದಿನಿಂದ ಮೊದಲು ಉಸಿರೆಳೆಯುವುದನ್ನು ನೋಡುತ್ತೇನೆ. ಪುಡಿಯ ಇನ್ಹೇಲರಿನಲ್ಲಿ ಔಷಧವನ್ನು ತಳ್ಳುವ ಗ್ಯಾಸ್ ಇರುವುದಿಲ್ಲ, ಪುಡಿಯನ್ನು ಬಿಡಿಸಿ ಒಳಗೊಯ್ಯುವುದು ರೋಗಿಯ ಉಸಿರೇ. ಹಾಗಾಗಿ ಶುರುವಿನಿಂದಲೇ ಜೋರಾಗಿ ಎಳೆಯಬೇಕು. ಒತ್ತುವ ಪಂಪ್, ಅಂದರೆ ಗ್ಯಾಸ್ ತುಂಬಿದ ಇನ್ಹೇಲರ್, ಇದಕ್ಕೆ ತದ್ವಿರುದ್ಧ. ಅದರಲ್ಲಿ ಔಷಧ ತಾನಾಗೇ ರಭಸದಿಂದ ಚಿಮ್ಮುತ್ತದೆ, ದೊಡ್ಡವರು 4-5 ಸೆಕೆಂಡು ನಿಧಾನವಾಗಿ ಎಳೆಯಬೇಕು. ಅವಸರಪಟ್ಟರೆ ಗಂಟಲ ಗೋಡೆಗೆ ಬಡಿದು ಅಲ್ಲೇ ಉಳಿಯುತ್ತದೆ. ಎರಡರಲ್ಲೂ ಕೊನೆಗೆ ಸುಮಾರು 10 ಸೆಕೆಂಡು ಉಸಿರು ಕಟ್ಟಬೇಕು. ಒಬ್ಬರಿಗೇ ಎರಡು ಬಗೆಯದನ್ನು ಕೊಟ್ಟರೆ ಗೊಂದಲ ಖಂಡಿತ, ಆದಷ್ಟು ಒಂದಕ್ಕೇ ನಿಲ್ಲಿಸುತ್ತೇನೆ.

ಮೇಜಿನ ಮೇಲೆ ಔಷಧವಿಲ್ಲದ ಡೆಮೊ ಇನ್ಹೇಲರುಗಳಿವೆ. ಕ್ಯಾಪ್ಸೂಲಿನದನ್ನು ಎಳೆದಾಗ ಗರಗರ ಸದ್ದು ಬಂದರೆ ಉಸಿರಿಗೆ ಬಲವಿದೆ ಎಂದು ಅಂದಾಜು. ಕೆಲವರು ಬಾಯಿಗಿಟ್ಟುಕೊಂಡೇ ಉಸಿರು ಬಿಡುತ್ತಾರೆ. ಪುಡಿಗೆ ತೇವ ತಗಲಿ ಗಂಟುಕಟ್ಟುವುದು ಹೀಗೆ.

ಒತ್ತುವುದು, ಎಳೆಯುವುದು ಜೊತೆಗೂಡದವರಿಗೆ ಪಂಪಿನ ಜೊತೆ ಸ್ಪೇಸರ್, ಅಂದರೆ ಪಂಪಿನ ಬಾಯಿಗೆ ಸಿಕ್ಕಿಸುವ ಟೊಳ್ಳು ಕೊಳವೆ. ಇದು ಮಕ್ಕಳದ್ದಲ್ಲವೇ ಎಂದು ದೊಡ್ಡವರು ಮುಜುಗರಪಡುತ್ತಾರೆ. ನನಗಂತೂ ಪಂಪ್ ಕೊಟ್ಟು ಸ್ಪೇಸರ್ ಕೊಡದಿರಲು ಮನಸ್ಸೇ ಬರುವುದಿಲ್ಲ. ತೀರಾ ಚಿಕ್ಕ ಮಕ್ಕಳಿಗೆ ಅದರ ತುದಿಗೆ ಮಾಸ್ಕ್. ಸೋಪಿನ ನೀರಲ್ಲಿ ತೊಳೆದು ಹಾಗೇ ಆರಲು ಬಿಡಬೇಕು. ಬಟ್ಟೆಯಲ್ಲಿ ಉಜ್ಜಿದರೆ ಸ್ಥಿರ ವಿದ್ಯುತ್ತಿನಿಂದ ಔಷಧ ಗೋಡೆಗೇ ಅಂಟುತ್ತದೆ. ಸ್ಟೀರಾಯ್ಡ್ ಇದ್ದರೆ ಪ್ರತಿ ಸಲವೂ ಬಾಯಿ ಮುಕ್ಕಳಿಸಿ ಉಗುಳಬೇಕು.

ಅಜ್ಜಿಯ ಉಸಿರಿಗೆ ಪುಡಿ ಎಳೆಯುವಷ್ಟು ಬಲವಿರಲಿಲ್ಲ, ಸಂಧಿವಾತದ ಬೆರಳಿಗೆ ಪಂಪ್ ಒತ್ತಲು ಆಗುತ್ತಿರಲಿಲ್ಲ. ಎರಡು ಹೆಬ್ಬೆರಳು ಕೆಳಗೆ, ಎರಡು ತೋರುಬೆರಳು ಮೇಲೆ ಇಟ್ಟು ಒತ್ತಿಸಿದಾಗ ಬಂತು. ಮುಂದೆ ಸ್ಪೇಸರ್ ಸಿಕ್ಕಿಸಿದೆವು. ಮೂರನೆಯ ಸಲ ಬಂದಾಗ ನೆನಪಿಸಲೆಂದು ಪಂಪನ್ನು ನಾನೇ ಒತ್ತಿ ತೋರಿಸಿದೆ. ಅಜ್ಜಿ ನನ್ನ ಕೈ ತಡೆದರು:

"ಕುಲುಕಲೇ ಇಲ್ವಲ್ಲ ಡಾಕ್ಟ್ರೇ."