ಡಿಸ್ನಿ ವರ್ಲ್ಡ್ ಸುತ್ತಲು ವೀಲ್‌ಚೇರೋ, ಸ್ಕೂಟರೋ: ನಾನು ಆರಿಸುವ ಬಗೆ

ಎಷ್ಟು ದೂರ ನಡೆಯಬಲ್ಲೆ ಅನ್ನುವುದನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಕೊನೆಗೆ. ಎಷ್ಟು ಹೊತ್ತು ನಿಲ್ಲಬಲ್ಲೆ, ಒಂದು ಸೀಟಿನಿಂದ ಇನ್ನೊಂದಕ್ಕೆ ಒಬ್ಬಳೇ ಸರಿಯಬಲ್ಲೆನಾ, ಹೆಬ್ಬೆರಳಲ್ಲಿ ಎಷ್ಟು ಬಲವಿದೆ ಅನ್ನುವುದನ್ನು ಮೊದಲು ನೋಡುತ್ತೇನೆ. ಮನೆಯಲ್ಲಿ ಕೋಲೂ ಹಿಡಿಯದವರು ಫ್ಲೋರಿಡಾದ ಈ ಪಾರ್ಕುಗಳಲ್ಲಿ ಸುಸ್ತಾಗುವುದು ಕ್ಯೂನಲ್ಲಿ ನಿಂತು. 2024ರಲ್ಲಿ ನಿಯಮ ಬದಲಾದ ಮೇಲೆ, ಕ್ಯೂನ ಹೊರಗೆ ಕಾಯಲು ಬಿಡುವ ಡಿಎಎಸ್ ಸೌಲಭ್ಯ ಮುಖ್ಯವಾಗಿ ಆಟಿಸಂನಂಥ ಬೆಳವಣಿಗೆಯ ತೊಂದರೆ ಇರುವವರಿಗೆ. ಕಾಲಿನ ತೊಂದರೆಯವರು ಎಲ್ಲರ ಜೊತೆ ಕ್ಯೂನಲ್ಲೇ ಸಾಗಬೇಕು, ಆದ್ದರಿಂದ ಕೂರಲು ಗಾಲಿಯ ಮೇಲೆ ಸೀಟು ಬೇಕೇ ಬೇಕು.

ಸೀಟಿರುವ ರೋಲೇಟರ್ (ಹಿಡಿದು ತಳ್ಳುತ್ತ ನಡೆಯುವ ಗಾಲಿಯ ಚೌಕಟ್ಟು) ಅರ್ಧ ದಿನಕ್ಕೆ ಸಾಕು. ಆದರೆ ಕೂತವರನ್ನು ಅದರಲ್ಲಿ ತಳ್ಳಬೇಡಿ, ಹಿಂದಕ್ಕೆ ಮಗುಚುತ್ತದೆ.

ತಳ್ಳುವ ವೀಲ್‌ಚೇರ್ ತೆಗೆದುಕೊಳ್ಳುವ ಮುನ್ನ ತಳ್ಳುವವರ ಸೊಂಟವನ್ನೂ ವಿಚಾರಿಸಿ. ಅಲ್ಲಿನ ಪಾರ್ಕುಗಳಲ್ಲೊಂದಾದ ಎಪ್ಕಾಟ್‌ನಲ್ಲಿ ಕೆರೆ ಸುತ್ತಿದರೇ ಹತ್ತಿರ ಹತ್ತಿರ 2 ಕಿಲೋಮೀಟರ್. ಊರಿಂದ ಬಂದ ಅಪ್ಪ ಅಮ್ಮನನ್ನು ಒಬ್ಬ ಮಗ ದಿನವಿಡೀ ತಳ್ಳುವುದು ಆಗದ ಮಾತು. ಸೀಟಿನ ಅಗಲ ಸೊಂಟದ ಅಳತೆಗಿಂತ 1ರಿಂದ 2 ಇಂಚು ಹೆಚ್ಚಿರಲಿ. ಕೈ ಇಡುವ ಪಟ್ಟಿ ಮೇಲಕ್ಕೆ ಮಡಚುವಂತಿದ್ದರೆ ಪಾರ್ಕಿನ ಸವಾರಿ ಆಟದ ಸೀಟಿಗೆ ಪಕ್ಕದಿಂದಲೇ ಜಾರಬಹುದು. ಇನ್ನೊಂದು ಪಾರ್ಕಾದ ಮ್ಯಾಜಿಕ್ ಕಿಂಗ್‌ಡಮ್‌ನ ಮುಖ್ಯ ಬೀದಿಯಲ್ಲಿ ಕುದುರೆ ಟ್ರಾಮಿನ ಹಳಿ ಇದೆ. ಅದನ್ನು ನೇರ ಅಡ್ಡಲಾಗಿ ದಾಟಿ, ಓರೆಯಾಗಿ ಹೋದರೆ ಮುಂದಿನ ಚಿಕ್ಕ ಗಾಲಿ ಸಂದಿಗೆ ಸಿಕ್ಕಿಕೊಳ್ಳುತ್ತದೆ.

ಅಲ್ಲಿ ಇಸಿವಿ ಎಂದು ಕರೆಯುವ, ಕೂತು ಓಡಿಸುವ ಬ್ಯಾಟರಿ ಸ್ಕೂಟರೇ ನನ್ನ ಆಯ್ಕೆ. 3 ಗಾಲಿಯದು ಕ್ಯೂನ ತಿರುವಿನಲ್ಲಿ ಸುಲಭವಾಗಿ ಹೊರಳುತ್ತದೆ, 4 ಗಾಲಿಯದು ಇಳಿಜಾರಿನಲ್ಲಿ ಕಡಿಮೆ ಅಲುಗಾಡುತ್ತದೆ. ಗಾಲಿ ಮೂರಕ್ಕಿಂತ ಕಡಿಮೆಯಿದ್ದರೆ ಒಳಗೆ ಬಿಡುವುದಿಲ್ಲ. ಅಗಲ 36, ಉದ್ದ 52 ಇಂಚು ಮೀರಬಾರದು. ಸಂಧಿವಾತ ಇರುವವರು ಸ್ಕೂಟರ್ ಓಡಲು ಹೆಬ್ಬೆರಳಲ್ಲಿ ಒತ್ತುವ ಸನ್ನೆಯನ್ನು ಹತ್ತು ನಿಮಿಷ ಬಿಡದೆ ಹಿಡಿದು ನೋಡಿ. ಬೆರಳು ನೋಯುವುದಾದರೆ ಜಾಯ್‌ಸ್ಟಿಕ್ ಇರುವ ಪವರ್ ಚೇರ್ ಒಳ್ಳೆಯದು. ಸ್ಕೂಟರಿನ ಒಂದು ಕೊರತೆ ಮೊದಲೇ ಗೊತ್ತಿರಲಿ: ಕಿಲಿಮಂಜಾರೋ ಸಫಾರಿಯಂಥ ಸವಾರಿಗೆ ಹೋಗುವಾಗ ಅದರಿಂದಿಳಿದು ಸಾದಾ ವೀಲ್‌ಚೇರಿಗೆ ಬದಲಾಗಬೇಕು. ಹಾಗೆ ಇಳಿದು ಹತ್ತಲು ಆಗದವರು ಮೊದಲಿನಿಂದಲೇ ವೀಲ್‌ಚೇರಿನಲ್ಲಿ ಹೋಗುವುದು ಮೇಲು.

ಪಾರ್ಕಿನೊಳಗೆ ಬಾಡಿಗೆಗೆ ಸಿಗುವುದು ಮೊದಲು ಬಂದವರಿಗೆ, ಅದನ್ನು ಹೊರಗೆ ಒಯ್ಯುವಂತಿಲ್ಲ. ಬಸ್ಸಿನಿಂದ ಗೇಟಿನವರೆಗಿನ ದಾರಿಯೇ ಕಷ್ಟವಾದರೆ ಹೋಟೆಲಿಗೆ ತಂದುಕೊಡುವ ಹೊರಗಿನ ಬಾಡಿಗೆಯವರಿಂದ ಪಡೆಯಿರಿ, ರಾತ್ರಿಯಿಡೀ ಚಾರ್ಜ್ ಮಾಡಬಹುದು. ಒಂದು ಚಾರ್ಜಿಗೆ ಇಷ್ಟು ಓಡುತ್ತದೆ ಎಂದು ಕಂಪನಿ ಹೇಳುವ ದೂರದಲ್ಲಿ ನಾನು ಅರ್ಧವನ್ನು ಮಾತ್ರ ನಂಬುತ್ತೇನೆ, ಏರು ಮತ್ತು ಮೈತೂಕ ಬ್ಯಾಟರಿಯನ್ನು ತಿನ್ನುತ್ತವೆ. ಬೇಸಿಗೆಯ ಮಧ್ಯಾಹ್ನ ಮಳೆ ಸುರಿಯುವ ಊರದು, ಸ್ವಿಚ್ಚುಗಳ ಭಾಗ ಮುಚ್ಚಲು ಪ್ಲಾಸ್ಟಿಕ್ ಚೀಲ ಇಟ್ಟುಕೊಳ್ಳಿ.

ಭಾರತದಿಂದ ಸ್ವಂತದ್ದನ್ನು ವಿಮಾನದಲ್ಲಿ ಒಯ್ಯುವುದಾದರೆ ಬ್ಯಾಟರಿಯ ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿ. 24 ವೋಲ್ಟ್, 10 ಆಂಪಿಯರ್-ಅವರ್ ಅಂದರೆ 240 ವ್ಯಾಟ್-ಅವರ್. ಕಳಚಿ ಒಯ್ಯುವ ಒಂದು ಲಿಥಿಯಂ ಬ್ಯಾಟರಿಗೆ ಮಿತಿ 300. ಟಿಕೆಟ್ ಮಾಡಿಸುವಾಗಲೇ ವಿಮಾನದವರಿಗೆ ತಿಳಿಸಿ ಒಪ್ಪಿಗೆ ಪಡೆಯಿರಿ.

ಸ್ಕೂಟರ್ ಕೈಗೆ ಬಂದ ಕೂಡಲೇ ಮೋಟಾರನ್ನು ಗಾಲಿಯಿಂದ ಬಿಡಿಸುವ ಹಿಡಿ ಎಲ್ಲಿದೆ ಎಂದು ಕೇಳಿ, ಸಾಮಾನ್ಯವಾಗಿ ಹಿಂದಿನ ಗಾಲಿಯ ಹತ್ತಿರ ಇರುತ್ತದೆ. ಬ್ಯಾಟರಿ ಸತ್ತಾಗ ಅದನ್ನು ಬಿಡಿಸಿದರೆ ಮಾತ್ರ ತಳ್ಳಲು ಬರುತ್ತದೆ. ಇಳಿಜಾರಿನಲ್ಲಿ ಮಾತ್ರ ಮುಟ್ಟಬೇಡಿ: ಅದರೊಂದಿಗೆ ಬ್ರೇಕೂ ಬಿಟ್ಟುಹೋಗುತ್ತದೆ.